ಹಲಸಿನ ಬೀರುವಿಗೆ ಇನ್ನೊಂದು ಕೈ

ಅವರು ಯಾರ ಮನೆಗೆ ಹೋದರೂ ಮೊದಲು ಮನೆಯ ಯಜಮಾನರ ಪಂಚೆ ನೋಡುತ್ತಿದ್ದರು. ಹೊಸ ಪಂಚೆಯಾದರೆ ಅವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಏಳೆಂಟು ವರ್ಷ ಉಟ್ಟು, ಕಲ್ಲಿಗೆ ಬಡಿದು ಒಗೆದು, ಗಂಜಿಯೆಲ್ಲ ಬಿಟ್ಟುಹೋಗಿ ಮೆತ್ತಗಾದ ಪಂಚೆ ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು. ನಮ್ಮ ಮಾವನವರನ್ನು ನೋಡಿದ ಮೊದಲ ದಿನ ಅವರು ಕೇಳಿದ್ದು ಇದು: "ಇದ್ನ ಇನ್ನೆಷ್ಟು ದಿನ ಉಡ್ತೀರಾ ಯಜಮಾನ್ರೇ?"

ಮಾವ ಪಂಚೆಯ ಅಂಚನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. "ಯಾಕಪ್ಪಾ, ಇಲ್ಲೇ ಬಿಚ್ಕೊಡ್ಲಾ?"

"ಅರ್ಜೆಂಟೇನಿಲ್ಲ ಬುಡಿ. ಇನ್ನೊಂದು ತಿಂಗ್ಳು ಉಟ್ರೆ ಇನ್ನೂ ಚೆನ್ನಾಗಾಯ್ತದೆ."

ಅವರು ಮರದ ಸಾಮಾನಿಗೆ ಪಾಲಿಶ್ ಮಾಡುವವರು. ಬ್ರಶ್ ಮುಟ್ಟುತ್ತಿರಲಿಲ್ಲ. ಹಳೆಯ ಬಟ್ಟೆಯನ್ನು ವಾರ್ನಿಶ್‌ನಲ್ಲಿ ಅದ್ದಿ ಮರವನ್ನು ಒರೆಸುತ್ತಿದ್ದರು. ತಿಪಟೂರಿನಿಂದ ಹೊನ್ನವಳ್ಳಿ, ಆ ಕಡೆ ತುರುವೇಕೆರೆಯ ತನಕ ಬಟ್ಟೆ ಪಾಲಿಶ್‌ನೋರು ಎಂದರೆ ಅವರೊಬ್ಬರೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಸಾಮಾನಿನ ಮೂಲೆಯಲ್ಲಿ ಹೆಸರು ಕೆತ್ತಿಸಿಕೊಳ್ಳಿ ಎಂದು ಯಾರೋ ಹೇಳಿದ್ದಕ್ಕೆ, "ಅಷ್ಟು ಜಾಗ ಒರಟಾಯ್ತದೆ ಬುಡಿ" ಎಂದಿದ್ದರಂತೆ. ಇದು ನಾನು ಕೇಳಿದ್ದು, ನೋಡಿದ್ದಲ್ಲ.

ಹೋದ ವಾರ ಅವರು ತೀರಿಕೊಂಡರು. ನನ್ನ ಗಂಡ ತಿಪಟೂರಿನಿಂದ ಬಂದವರು ಗಾಡಿಯ ಸ್ಟ್ಯಾಂಡ್ ಹಾಕುವ ಮೊದಲೇ ಸುದ್ದಿ ಹೇಳಿದರು. ಅವತ್ತಿನಿಂದ ನನ್ನ ಕೈ ಒಂದು ಕೆಲಸದಲ್ಲೂ ನಿಲ್ಲುತ್ತಿಲ್ಲ. ಹಾಲು ಎರಡು ಸಲ ಉಕ್ಕಿತು. ಬರೆದರೆ ಕೈ ನಿಂತೀತು ಎಂದು ಕೂತಿದ್ದೇನೆ. ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ಅವರ ವಿಷಯದಲ್ಲಿ ನಾನು ಒಂದು ಹಗಲು, ಒಂದು ರಾತ್ರಿ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನೂ ಬರೆಯಬೇಕು.

ನಾನು ದಬ್ಬೇಘಟ್ಟದ ಕಡೆಯವಳು. ಅಲ್ಲಿ ಕಾಲುವೆ ನೀರು, ಗದ್ದೆ. ಮದುವೆಯಾಗಿ ಬಂದದ್ದು ಹೊನ್ನವಳ್ಳಿಯಿಂದ ಎರಡು ಮೈಲಿ ಒಳಗಿರುವ ಈ ಊರಿಗೆ. ಇಲ್ಲಿ ಎಲ್ಲರದೂ ತೆಂಗಿನ ತೋಟ, ಎಲ್ಲರ ಮನೆಯಲ್ಲೂ ಅಟ್ಟ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಕೊಬ್ಬರಿ ಗುಂಡಗೆ ಬಿಟ್ಟುಕೊಳ್ಳುವ ತನಕ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ನನ್ನ ಗಂಡ ಆಗ ಅರಸೀಕೆರೆಯ ಆಚೆ ಕೆಲಸದಲ್ಲಿದ್ದು ತಿಂಗಳಿಗೊಂದು ಶನಿವಾರ ಬರುತ್ತಿದ್ದರು. ಮಿಕ್ಕ ದಿನ ಮನೆಯಲ್ಲಿ ಅತ್ತೆ, ಮಾವ, ನಾನು. ತೋಟದಲ್ಲಿ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ, ಆಚಾರರನ್ನು ಮನೆಯಲ್ಲೇ ಕೂರಿಸಿಕೊಂಡು, ಮಾವ ನಮಗಾಗಿ ಒಂದು ಬೀರು ಮಾಡಿಸಿದ್ದರು. ಅದಕ್ಕೆ ಪಾಲಿಶ್ ಮಾಡಲು ಅವರು ಬಂದರು. ತೊಂಬತ್ತರ ದಶಕದ ಕೊನೆಯ ಮಾತು. ನಾನು ಈ ಮನೆಗೆ ಬಂದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಬಂದ ದಿನವೇ ಅವರಿಗೂ ಅತ್ತೆಗೂ ಒಂದು ಸುತ್ತು ಆಯಿತು. ಜಗಲಿಯಲ್ಲಿ ಬೀರುವಿನ ಸುತ್ತ ಸುಣ್ಣದಲ್ಲಿ ಗೆರೆ ಎಳೆದು, ಎಣ್ಣೆ ಕೈಯವರು ಯಾರೂ ಇದನ್ನು ದಾಟಬಾರದು ಎಂದರು. ಎಣ್ಣೆ ಕೈ ತಾಗಿದ ಕಡೆ ವಾರ್ನಿಶ್ ಹಿಡಿಯದೆ ಕಡಲೆಕಾಳಿನಗಲ ಬೋಳು ಬೀಳುತ್ತದಂತೆ. ಅದಕ್ಕೇ ಕೆಲಸವಿದ್ದ ದಿನ ಅವರು ತಲೆಗೂ ಎಣ್ಣೆ ಹಚ್ಚುತ್ತಿರಲಿಲ್ಲ. ಕೂದಲು ನಾರಿನ ಹಾಗೆ ಎದ್ದು ನಿಂತಿರುತ್ತಿತ್ತು.

"ತೆಂಗಿನ ಸೀಮೇಲಿ ಕೂತ್ಕೊಂಡು ಎಣ್ಣೆ ಮುಟ್ಬೇಡಿ ಅಂತೀಯಲ್ಲಪ್ಪಾ," ಅಂದರು ಅತ್ತೆ. "ಒಗ್ಗರಣೆ ಯಾತ್ರಲ್ಲಿ ಹಾಕ್ಲಿ, ನಿನ್ ವಾರ್ನೀಸಲ್ಲಾ?"

"ನೀವು ಹಾಕ್ಕಳಿ ಕಣಮ್ಮ. ಹಾಕ್ಕಂಡು ಒಳಗೇ ಇರಿ."

ಅತ್ತೆ ಒಳಗೇ ಇರುವವರಲ್ಲ. ಎರಡನೆಯ ದಿನ ಬೀರುವಿನ ಬಾಗಿಲ ಮೇಲೆ ಐದು ಬೆರಳು ಸ್ಪಷ್ಟವಾಗಿ ಮೂಡಿದ್ದವು. ಅವರು ಬಗ್ಗಿ ನೋಡಿದರು, ತಮ್ಮ ಗೇಣಿನಲ್ಲಿ ಅಳೆದರು.

"ಒಣಗದಾ ಅಂತ ಯಾರೋ ಮುಟ್ಟಿ ನೋಡವ್ರೆ."

"ಬೆಕ್ಕಿರ್ಬೇಕು ಬುಡು," ಎಂದರು ಅತ್ತೆ, ಒಳಗಿನಿಂದ.

"ಬಳೆ ಗುರುತೂ ಬಿದ್ದದೆ ಕಣಮ್ಮ. ನಿಮ್ಮನೆ ಬೆಕ್ಕು ಬಳೆ ತೊಡ್ತದಾ?"

ಅವರು ಅಷ್ಟು ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಮೊದಲಿನಿಂದ ಒರೆಸಿದರು.

ಅವರು ಕೆಲಸ ಮಾಡುವುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಅಳತೆಗೆ ಒಂದು ತೆಂಗಿನ ಚಿಪ್ಪು. ಅದರಲ್ಲಿ ಒಂದು ಚಿಪ್ಪು ವಾರ್ನಿಶ್, ಒಂದು ಚಿಪ್ಪು ಟರ್ಪೆಂಟೈನ್, ಒಂದು ಚಿಪ್ಪು ಅಗಸೆ ಎಣ್ಣೆ. ಪಂಚೆಯ ತುಂಡನ್ನು ಎಲ್ಲೂ ಮೂಲೆ ಏಳದಂತೆ ಒಳಕ್ಕೆ ಮಡಚಿ ಅಂಗೈಯಲ್ಲಿ ಹಿಡಿದು, ನೀರಿನಷ್ಟು ತೆಳ್ಳಗಿನ ಆ ದ್ರವವನ್ನು ಮರದ ಎಳೆ ಹೋದ ಕಡೆಗೇ ಒರೆಸುತ್ತಿದ್ದರು, ಎರೆದ ಮಗುವಿನ ಮೈ ಒರೆಸುವ ಹಾಗೆ. ಎಲೆ ಅಡಿಕೆ ಒಂದು ಸಲ ಅಗಿಯುವಷ್ಟು ಹೊತ್ತು ಬಿಟ್ಟು, ಮರ ಕುಡಿಯದೆ ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ತೆಗೆದುಬಿಡುತ್ತಿದ್ದರು. ಇಷ್ಟಕ್ಕೆ ಅವರ ಮಾತಿನಲ್ಲಿ ಒಂದು ಕೈ. ಒಂದು ಕೈ ಹಾಕಿದರೆ ಒಂದು ಹಗಲು, ಒಂದು ರಾತ್ರಿ ಒಣಗಬೇಕು. ಮಾರನೆಯ ಬೆಳಿಗ್ಗೆ ಅತ್ತೆಯ ಬತ್ತಿಯ ಡಬ್ಬಿಯಿಂದ ಒಂದು ಎಳೆ ಹತ್ತಿ ಇಸಿದುಕೊಂಡು ಮರದ ಮೇಲೆ ಎಳೆಯುತ್ತಿದ್ದರು. ಹತ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸವೆದ ಉಪ್ಪುಕಾಗದ ಆಡಿಸಿ ಇನ್ನೊಂದು ಕೈ. ನಮ್ಮ ಬೀರುವಿಗೆ ಆರು ಕೈ ಎಂದು ಹೇಳಿದ್ದರು.

ಇನ್ನೊಂದು ಅಭ್ಯಾಸವಿತ್ತು. ಅದನ್ನು ಕಂಡು ಇಡೀ ಬೀದಿಯೇ ನಗುತ್ತಿತ್ತು. ಕೆಲಸ ಮುಗಿದ ಕೂಡಲೇ ಒರೆಸಿದ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಬೇಲಿಯ ತಂತಿಯ ಮೇಲೆ, ಒಂದಕ್ಕೊಂದು ತಾಗದಂತೆ ಹರಡುತ್ತಿದ್ದರು. ಎದುರುಮನೆಯ ತಾತನಿಗೆ ಜಗಲಿ ಮೇಲೆ ಕೂತು ಬೀದಿಯವರನ್ನು ಕೆಣಕುವುದೇ ಕೆಲಸ. ಅವರು ಅಲ್ಲಿಂದಲೇ ಕೂಗುವರು: "ಏನ್ಲಾ, ಬಾಣಂತಿ ಬಟ್ಟೆ ಒಣಗಾಕಿದೀಯಾ?"

"ಇವು ಒಟ್ಟಿಗಿದ್ರೆ ಒಂದಕ್ಕೊಂದು ಕಾವೇರ್ತವೆ ಕಣಣ್ಣ. ದೂರ ದೂರ ಇರ್ಲಿ."

ತಾತ ಇನ್ನಷ್ಟು ನಕ್ಕರು. ಪಾಲಿಶ್‌ನವರ ಮಾತಿನ ಅರ್ಥವೇನೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವರು ಬೇಗ ಬಂದು ಮೂರನೆಯ ಕೈ ಮುಗಿಸಿದರು. ಉಪ್ಪುಕಾಗದ ತೀರಿತ್ತು. ಬಟ್ಟೆ ಹರಡಿ, ತರುತ್ತೇನೆ ಎಂದು ಹತ್ತು ಗಂಟೆಯ ಬಸ್ಸಿಗೆ ತಿಪಟೂರಿಗೆ ಹೋದರು. ಆ ದಿನ ಮಧ್ಯಾಹ್ನದ ಊಟಕ್ಕೆ ಅತ್ತೆಯ ತಂಗಿಯ ಮನೆಯವರು ಕೆಂಕೆರೆಯಿಂದ ಬರುವವರಿದ್ದರು. ಅತ್ತೆ ಅಂಗಳ ನೋಡಿ, "ಬೇಲಿ ಮೇಲಿನ ಹರುಕೆಲ್ಲ ತೆಗಿಯೇ, ನೋಡಿದೋರು ಏನಂದ್ಕೊಂಡಾರು" ಎಂದರು.

ನಾನು ತೆಗೆದೆ. ಒಂಬತ್ತು ಬಟ್ಟೆ. ಅತ್ತೆ ಈಗಲೂ ಹತ್ತು ಎನ್ನುತ್ತಾರೆ, ಆದರೆ ಮಡಚಿದವಳು ನಾನು. ಹುಡುಗಿ ಬಹಳ ಅಚ್ಚುಕಟ್ಟು ಎಂದು ತವರಿನಲ್ಲಿ ನನಗೆ ಹೆಸರಿತ್ತು. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ಒಂದರ ಮೇಲೊಂದು ಜೋಡಿಸಿ, ಅಂಗೈಯಲ್ಲಿ ಒತ್ತಿ, ಅಟ್ಟದ ಕೆಳಗಿನ ಕೊಟ್ಟಿಗೆಯಲ್ಲಿ ತೆಂಗಿನ ನಾರು ತುಂಬಿಟ್ಟಿದ್ದ ಮಂಕರಿ ಬುಟ್ಟಿಯ ನಡುವೆ ಇಟ್ಟೆ. ಕಾಣದಿರಲಿ ಎಂದು ಮೇಲೆ ಎರಡು ಹಿಡಿ ನಾರು ಮುಚ್ಚಿದೆ. ಆಗ ಹತ್ತೂವರೆ.

ನೆಂಟರು ಉಂಡು ಎರಡೂವರೆಗೆ ಹೊರಟರು. ಮೂರು ಗಂಟೆಗೆ ನಾನು ಪಾತ್ರೆ ಬೆಳಗುತ್ತಿದ್ದಾಗ ವಾಸನೆ ಬಂತು. ಸೌದೆಯ ಹೊಗೆಯಲ್ಲ, ಹುಳಿಹುಳಿಯಾದ, ಗಂಟಲು ಹಿಡಿಯುವ ವಾಸನೆ. ಹೋಗಿ ನೋಡಿದರೆ ಮಂಕರಿಯಿಂದ ಅನ್ನದ ಹಬೆಯ ಹಾಗೆ ಬಿಳಿ ಹೊಗೆ ಏಳುತ್ತಿತ್ತು. ನಾನು ಕೂಗುವಷ್ಟರಲ್ಲಿ ಅದು ಉರಿಯಾಯಿತು. ಅತ್ತೆ ಕೊಕ್ಕೆ ಕೋಲಿನಿಂದ ಮಂಕರಿಯನ್ನು ಅಂಗಳಕ್ಕೆ ಎಳೆದರು. ಮಾವ ಎಮ್ಮೆಯ ಬಾನಿಯ ನೀರನ್ನು ಬಕೆಟ್ಟಿನಲ್ಲಿ ತುಂಬಿ ತುಂಬಿ ಅಟ್ಟದ ಕಂಬಕ್ಕೆ ಎರಚಿದರು. ಕಂಬ ನನ್ನ ಹೆಗಲೆತ್ತರಕ್ಕೆ ಕಪ್ಪಾಯಿತು, ಅಟ್ಟದ ಮೂರು ಬಿದಿರು ಸುಟ್ಟವು. ಅಲ್ಲಿಗೆ ನಿಂತಿತು. ಅಟ್ಟದ ಮೇಲೆ ಆ ವರ್ಷದ ಕಾಯಿ ಅಷ್ಟೂ ಇತ್ತು.

ಅಂಗಳದಲ್ಲಿ ಬಿದ್ದ ಮಂಕರಿಯೊಳಗೆ ನಾನು ಮಡಚಿದ ಬಟ್ಟೆ ಮಡಚಿದ ಹಾಗೆಯೇ ಕಪ್ಪಾಗಿ ಕೂತಿತ್ತು. ಬೇರೆ ಯಾರೂ ನೋಡಿರಲಿಲ್ಲ. ನಾನು ಕಡ್ಡಿಯಲ್ಲಿ ಸುಟ್ಟ ನಾರನ್ನು ಅದರ ಮೇಲೆ ಎಳೆದೆ.

"ಬೀಡಿ," ಎಂದರು ಮಾವ. "ಬೀಡಿ ಸೇದಿ ಎಸ್ದು ಬಸ್ ಹತ್ತವ್ನೆ."

ಪಾಲಿಶ್‌ನವರ ಕಿವಿಯ ಹಿಂದೆ ಬೀಡಿ ಇರುತ್ತಿದ್ದದ್ದು ನಿಜ. ಕೆಲಸದ ಜಾಗದಲ್ಲಿ ಹಚ್ಚಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ರಸ್ತೆಗೆ ಹೋಗಿ ಸೇದಿ, ಬೆಂಕಿಯನ್ನು ಎಂಜಲಿನಲ್ಲಿ ಆರಿಸಿ ಬರುತ್ತಿದ್ದರು. ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಅವರು ಬಂದರು. ಮಾವ ಬಾಗಿಲಲ್ಲೇ ತಡೆದರು. "ಸಾಮಾನು ಕಟ್ಕೋ. ಬೀರು ಹಂಗೇ ಇರ್ಲಿ. ಅಟ್ಟ ಇರೋ ಮನೇಗೆ ಬೆಂಕಿ ಬುಡ್ತೀಯಲ್ಲಯ್ಯ?"

ಅವರು ಕಪ್ಪಾದ ಕಂಬ ನೋಡಿದರು. ಆಮೇಲೆ ಬೇಲಿ ನೋಡಿದರು. ತಂತಿ ಖಾಲಿಯಿತ್ತು.

"ಬಟ್ಟೆ ಎಲ್ಲೋದ್ವು?"

"ಬಟ್ಟೆ ವಿಚಾರ ಯಾಕೀಗ?"

"ಅವನ್ನ ಯಾರೋ ಒಟ್ಟಿಗೆ ಮಡ್ಚಿಟ್ಟವ್ರೆ ಯಜಮಾನ್ರೇ. ಅಗಸೆ ಎಣ್ಣೆ ಬಟ್ಟೆ ಮಡ್ಚಿಟ್ರೆ ತಾನಾಗೇ ಹತ್ಕತದೆ."

ಮಾವ ನಕ್ಕರು, ಕೋಪದ ನಗು. "ಎಣ್ಣೆ ಬಟ್ಟೆ ತಾನಾಗೇ ಹತ್ಕಳಂಗಿದ್ರೆ ಈ ತಿಪಟೂರು ತಾಲ್ಲೂಕು ಯಾವತ್ತೋ ಬೂದಿ ಆಗಿರೋದು! ನಮ್ಮನೆ ಮೂಲೆ ಮೂಲೇಲಿ ಎಣ್ಣೆ ಬಟ್ಟೆ ಬಿದ್ದದೆ. ಒಂದಾದ್ರೂ ಹೊಗೆಯಾಡಿದ್ದ ನೋಡಿದೀಯಾ?"

ಮಾವ ಹೇಳಿದ್ದು ಸುಳ್ಳಲ್ಲ. ಕೊಬ್ಬರಿ ಎಣ್ಣೆ ಎಂದಿಗೂ ಹಾಗೆ ಮಾಡುವುದಿಲ್ಲ. ಹುಟ್ಟಿದಾಗಿನಿಂದ ಕೊಬ್ಬರಿ ಎಣ್ಣೆಯಲ್ಲೇ ಬೆಳೆದ ಜನಕ್ಕೆ ಇನ್ನೊಂದು ಎಣ್ಣೆಯ ಗುಣ ಬೇರೆ ಇದ್ದೀತು ಎಂದು ತೋಚಲೇ ಇಲ್ಲ. ಆದರೆ ಬೆಂಕಿಯ ವಿಷಯದಲ್ಲಿ ಎಚ್ಚರವಿಲ್ಲದವನು ಎಂಬ ಮಾತು ಒಮ್ಮೆ ಹಬ್ಬಿದರೆ, ಅಟ್ಟವಿರುವ ಯಾವ ಮನೆಯವರೂ ಅವರನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಅಟ್ಟವಿಲ್ಲದ ಮನೆಯೇ ಇಲ್ಲ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಅದು ಅವರಿಗೂ ಗೊತ್ತಿತ್ತು, ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೂ ಗೊತ್ತಿತ್ತು. ಅವರ ಕಣ್ಣು ಒಮ್ಮೆ ನನ್ನ ಕಡೆ ಬಂದು ಹೋಯಿತು. ಯಾರು ಮಡಚಿದರು ಎಂದು ಅವರು ಕೇಳಲಿಲ್ಲ.

"ನಾಳೆ ಸಂಜೆಗಂಟ ಟೈಮ್ ಕೊಡಿ," ಎಂದರು. "ನಿಮ್ಮ ಕಣ್ಮುಂದೇನೇ ತೋರುಸ್ತೀನಿ."

ಮಾರನೆಯ ಬೆಳಿಗ್ಗೆ ಎಂಟಕ್ಕೆ ಅಂಗಳದ ಬಿಸಿಲಿನಲ್ಲಿ ಒಂದು ಹಳೆಯ ತಗಡಿನ ಡಬ್ಬ. ಒಳಗೆ ನಾರು, ನಾರಿನೊಳಗೆ ಅದೇ ಅಗಸೆ ಎಣ್ಣೆಯ ವಾರ್ನಿಶ್‌ನಲ್ಲಿ ಒದ್ದೆ ಮಾಡಿದ ಬಟ್ಟೆಗಳು. ಪಕ್ಕದಲ್ಲಿ ಎರಡು ಬಕೆಟ್ ನೀರು. ಮಾವ ಕುರ್ಚಿ ಹಾಕಿಕೊಂಡು ಕೂತರು. ಎದುರುಮನೆಯ ತಾತ ಎಲೆ ಅಡಿಕೆ ಸಮೇತ ಬಂದರು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಡಬ್ಬ ಡಬ್ಬವಾಗಿಯೇ ಇತ್ತು.

"ಕಾವಿಗೆ ಕೂತದೆ ಕಣ್ರೀ," ಎಂದರು ತಾತ. "ಮರಿ ಆಗಕ್ಕೆ ಇಪ್ಪತ್ತೊಂದು ದಿನ ಬೇಕು."

ಪಾಲಿಶ್‌ನವರು ತಾವೂ ನಕ್ಕರು, ಆದರೆ ಹಣೆಯಲ್ಲಿ ಬೆವರು. ಹನ್ನೆರಡಕ್ಕೆ ಕೈಯಿಟ್ಟು ನೋಡಿದರು. ತಣ್ಣಗಿತ್ತು. ಮಾವ ಕುರ್ಚಿ ಎತ್ತಿಕೊಂಡು ಎದ್ದರು.

ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಜೀವಮಾನವೆಲ್ಲ ಬಟ್ಟೆ ಬಿಡಿಸಿ ಹರಡಿದ ಕೈ ಅದು. ಡಬ್ಬದೊಳಗೂ ಅವರು ಬಟ್ಟೆಗಳನ್ನು ಸಡಿಲವಾಗಿ, ಗಾಳಿಯಾಡುವಂತೆ ಇಟ್ಟಿದ್ದರು. ತಪ್ಪು ಮಾಡುವುದು ಅವರಿಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದದ್ದು ನನಗೆ.

ಅಂಗಳಕ್ಕೆ ಹೇಗೆ ಇಳಿದೆನೋ ಗೊತ್ತಿಲ್ಲ. "ಹಂಗಲ್ಲ," ಎಂದೆ. "ನಾನು ಹಂಗಿಟ್ಟಿರ್ಲಿಲ್ಲ."

ಮಾವ ಕುರ್ಚಿ ಹಿಡಿದುಕೊಂಡೇ ನಿಂತರು. ತಾತ ಅಗಿಯುವುದನ್ನು ನಿಲ್ಲಿಸಿದರು. ನಾನು ಹೇಳಿದೆ: ಒಂಬತ್ತು ಬಟ್ಟೆ, ನಾಲ್ಕು ಮಡಿಕೆ, ಒಂದರ ಮೇಲೊಂದು, ಅಂಗೈಯಲ್ಲಿ ಒತ್ತಿ, ನಾರಿನ ನಡುವೆ, ಮೇಲೆ ಎರಡು ಹಿಡಿ. ಸುಟ್ಟ ಮೇಲೆ ಮುಚ್ಚಿಟ್ಟದ್ದನ್ನೂ ಹೇಳಿದೆ. ಪಾಲಿಶ್‌ನವರು ಹೊಸದಾಗಿ ಒಂಬತ್ತು ತುಂಡು ಹರಿದು, ಒದ್ದೆ ಮಾಡಿ, ಒಂದು ಮಣೆಗೆ ಒರೆಸಿ ನನ್ನ ಮುಂದಿಟ್ಟರು.

"ನೆನ್ನೆ ಮಾಡ್ದಂಗೇ ಮಾಡವ್ವ. ಚೂರೂ ವ್ಯತ್ಯಾಸ ಬ್ಯಾಡ."

ಮಡಚಿದೆ. ಅಷ್ಟು ಜನರ ಮುಂದೆ ಬಟ್ಟೆ ಮಡಚುವುದು ಎಷ್ಟು ಕಷ್ಟವೆಂದು ಮಡಚಿದವರಿಗೇ ಗೊತ್ತು. ಒಂದರ ಅಂಚು ಸೊಟ್ಟಗಾಗಿತ್ತು, ಬಿಚ್ಚಿ ಮತ್ತೆ ಮಡಚಿದೆ. ಅವರು ತಲೆದೂಗಿ, "ಭೇಷ್," ಎಂದರು.

ಮಾವ ಊಟಕ್ಕೆ ಏಳಲಿಲ್ಲ. ನಾಲ್ಕಕ್ಕೆ ಸ್ವಲ್ಪ ಮೊದಲು ಅತ್ತೆ ಒಳಗಿನಿಂದ ಮೂಗು ಹಿಡಿದುಕೊಂಡು ಬಂದರು. "ಅದೇ ವಾಸ್ನೆ!" ಮಾವ ನಂಬದೆ ಡಬ್ಬದೊಳಗೆ ಕೈ ತೂರಿಸಿ, "ಅಯ್ಯಪ್ಪಾ!" ಎಂದು ಎಳೆದುಕೊಂಡು ಬೆರಳು ಬಾಯಲ್ಲಿಟ್ಟುಕೊಂಡರು. ಬಿಳಿ ಹೊಗೆ ಎದ್ದಿತು. ಉರಿ ಬರುವ ತನಕ ಕಾಯದೆ ಪಾಲಿಶ್‌ನವರು ಎರಡೂ ಬಕೆಟ್ ಸುರಿದುಬಿಟ್ಟರು.

"ಮರಿ ಆಯ್ತಲ್ಲೋ!" ಎಂದು ತಾತ ಎದ್ದು ಬೀದಿಗೆ ಓಡಿದರು. ಅವರ ಬಾಯಿಂದ ಸಂಜೆಯೊಳಗೆ ಹೊನ್ನವಳ್ಳಿಯ ತನಕ ಸುದ್ದಿ ಹೋಯಿತು. ಪಾಲಿಶ್‌ನವರ ಹೆಸರು ಉಳಿಯಿತು. ನನ್ನದು ಎಲ್ಲಿಗೆ ಹೋಯಿತು ಎಂದು ಕೇಳಬೇಡಿ.

ಮಾವನಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಸುಟ್ಟ ಬೆರಳಿಗೆ ಗಾಳಿ ಊದುತ್ತಾ, "ಇನ್ನೆಷ್ಟು ಕೈ ಮಿಕ್ಕದೆ?" ಎಂದು ಕೇಳಿದರು.

"ಮೂರು. ಆದ್ರೆ ಒಂದು ಮಾತು ಯಜಮಾನ್ರೇ. ಕೆಲಸ ಮುಗಿಯೋಗಂಟ ಈ ಹೆಣ್ಮಗೀಗೆ ಯಾರೂ ಏನೂ ಅನ್ನಂಗಿಲ್ಲ. ಮನೇಲಿ ಜಗಳ ಆದ್ರೆ ಓಡಾಟ ಜಾಸ್ತಿ ಆಯ್ತದೆ, ಧೂಳೇಳ್ತದೆ, ಧೂಳು ಹಸಿ ವಾರ್ನೀಸ್ ಮೇಲೆ ಕೂರ್ತದೆ."

"ಮುಗಿದ್ ಮೇಲೆ?" ಎಂದರು ಅತ್ತೆ.

"ಮುಗಿದ್ ಮೇಲೆ ನಿಮ್ಮನೆ ವಿಚಾರ ಕಣಮ್ಮ."

ಅತ್ತೆ ತುಟಿ ಬಿಗಿಹಿಡಿದರು. ನನ್ನೊಂದಿಗೆ ಮಾತೇ ಇಲ್ಲ. ತಟ್ಟೆ ಇಡುವಾಗ ಮಾತ್ರ ಸದ್ದಾಗುತ್ತಿತ್ತು. ಮೂರು ದಿನ, ಮೂರು ಕೈ. ನಾನು ದಿನ ಎಣಿಸುತ್ತಿದ್ದೆ. ಮುಗಿದ ದಿನ ನನ್ನನ್ನು ತವರಿಗೆ ಕಳಿಸುತ್ತಾರೆ ಎಂದೇ ನಂಬಿದ್ದೆ.

ಆರನೆಯ ಕೈಯ ಮಾರನೆಯ ಬೆಳಿಗ್ಗೆ ಅವರು ಹತ್ತಿಯ ಎಳೆಯನ್ನು ಬೀರುವಿನ ಮೇಲೆ ಎಳೆದರು. "ಇನ್ನೂ ಹಿಡೀತದೆ. ಇನ್ನೊಂದು ಕೈ ಬೇಕು," ಎಂದರು. ನಾನು ಹತ್ತಿರದಲ್ಲೇ ನಿಂತಿದ್ದೆ. ಹತ್ತಿ ಎಲ್ಲೂ ಹಿಡಿದಿರಲಿಲ್ಲ. ನೀರಿನ ಮೇಲೆ ಹೋದ ಹಾಗೆ ಹೋಗಿತ್ತು.

ಏಳನೆಯದಾಯಿತು. ಮತ್ತೆ ಹತ್ತಿ, ಮತ್ತೆ "ಇನ್ನೊಂದು ಕೈ." ಅದು ಒಟ್ಟು ಕೂಲಿ ಮಾತಾಡಿ ಒಪ್ಪಿಕೊಂಡ ಕೆಲಸ, ದಿನ ಹೆಚ್ಚಿದಷ್ಟೂ ನಷ್ಟ ಅವರದೇ. ಎಂಟನೆಯ ಕೈಯ ದಿನ ಅತ್ತೆ ನನ್ನನ್ನು ನೋಡದೆಯೇ ನನಗೆ ಕೇಳಿಸುವಂತೆ, "ಸಾರಿಗೆ ಉಪ್ಪು ಸಾಲ್ದು" ಎಂದರು. ಒಂಬತ್ತನೆಯ ಕೈಯ ದಿನ ಎದುರುಮನೆಯ ಹೆಂಗಸಿಗೆ ಹೇಳುತ್ತಿದ್ದರು: "ನಮ್ ಸೊಸೆ ಮಡಚೋದು ಅಂದ್ರೆ ಸಾಮಾನ್ಯ ಅಲ್ಲ ಕಣೇ, ಒದ್ದೆ ಬಟ್ಟೇಗೂ ಬೆಂಕಿ ಹತ್ತಬೇಕು!" ಹೇಳಿ ತಾವೇ ನಕ್ಕರು. ಬೀರುವಿನ ಹಿಂದೆ ಒರೆಸುತ್ತಿದ್ದ ಕೈ ಆಗ ಒಂದು ಕ್ಷಣ ನಿಂತು, ಮತ್ತೆ ಮುಂದುವರಿಯಿತು.

ಹತ್ತನೆಯ ಕೈ ಒಣಗಿದ ಬೆಳಿಗ್ಗೆ ಅತ್ತೆ ತಮ್ಮ ಪೆಟ್ಟಿಗೆಯಿಂದ ಮದುವೆಯ ರೇಷ್ಮೆ ಸೀರೆ ತಂದು ನನ್ನ ತೋಳಿನ ಮೇಲೆ ಹಾಕಿದರು.

"ಇದ್ನೂ ನಿನ್ ಬೀರುನಲ್ಲೇ ಇಟ್ಕೋ. ನೀನೇ ಮಡಚು. ನಂಗೆ ಅಷ್ಟು ನೀಟಾಗಿ ಬರಲ್ಲ."

ಪಾಲಿಶ್‌ನವರು ಅಂದು ಹತ್ತಿ ಕೇಳಲಿಲ್ಲ. ಬೀರುವಿನ ಕಡೆ ತಿರುಗಿಯೂ ನೋಡದೆ ಚಿಪ್ಪು, ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡರು.

"ಈಗ ಒಣಗ್ತು ಕಣಮ್ಮ," ಎಂದು ಅತ್ತೆಗೆ ಹೇಳಿ, ಹತ್ತು ಗಂಟೆಯ ಬಸ್ಸಿಗೆ ಹೊರಟರು.